ಅಪ್ಪ ಅರ್ಥ ಹೇಳಿದ ಆದಿತ್ಯವಾರ

ಸಾಂತಾಕ್ರೂಜ್‌ನ ಚಾಳಿನಲ್ಲಿ ನಾವಿದ್ದ ಆ ವರ್ಷಗಳಲ್ಲಿ ಮಳೆಗಾಲದ ಆದಿತ್ಯವಾರವೆಂದರೆ ತಾಳಮದ್ದಳೆ. ವೇಷ ಕಟ್ಟದೆ, ಬರಿಯ ಪಂಚೆ ಶಾಲಿನಲ್ಲಿ ಕುಳಿತು, ಪುರಾಣದ ಪಾತ್ರವಾಗಿ ಎದುರಾಳಿಯೊಡನೆ ವಾದಿಸುವುದು. ಅದನ್ನು ಅರ್ಥ ಹೇಳುವುದು ಎನ್ನುತ್ತಾರೆ. ಅಪ್ಪ ವಾರವಿಡೀ ಹೋಟೆಲಿನಲ್ಲಿ ದೋಸೆ ಕಾವಲಿಯ ಎದುರು ನಿಲ್ಲುತ್ತಿದ್ದರು. ಅಲ್ಲಿ ಅವರ ಬಾಯಿಂದ ಹತ್ತು ಮಾತು ಹೊರಡುತ್ತಿರಲಿಲ್ಲ. ಆದಿತ್ಯವಾರ ಊರಿನವರ ಸಭಾಭವನದಲ್ಲಿ ಭಾಗವತರು ಪದ ಮುಗಿಸಿದ ಕೂಡಲೇ ಅವರು ಬೇರೆಯೇ ಮನುಷ್ಯ. ಧರ್ಮ, ಕರ್ಮ ಎಂಬ ಮಾತುಗಳನ್ನು ನಾನು ಕಲಿತದ್ದು ಅಲ್ಲಿ, ಒದ್ದೆ ಕೊಡೆಗಳ ವಾಸನೆಯ ನಡುವೆ, ಕೊನೆಗೆ ಸಿಗುವ ಗೋಳಿಬಜೆಗೆ ಕಾಯುತ್ತಾ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಊರಿನಲ್ಲಿ ದೊಡ್ಡಮ್ಮ ಹಾಸಿಗೆ ಹಿಡಿದರು. ನೋಡಿಕೊಳ್ಳಲು ಅಕ್ಕನನ್ನು ಕಳಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಅಕ್ಕ ಒಂಬತ್ತನೇ ಕ್ಲಾಸು. ಹೋದರೆ ಶಾಲೆ ಮುಗಿದಂತೆಯೇ. ಕಳಿಸದಿದ್ದರೆ ಕುಟುಂಬದವರು ಏನೆಂದಾರು ಎಂಬುದೇ ಅಪ್ಪನ ಚಿಂತೆ. ಅಕ್ಕ ಅಳಲಿಲ್ಲ. ನನ್ನೊಡನೆ ಐದು ಕಲ್ಲಿನ ಆಟ ಆಡುವಾಗ ಮಾತ್ರ, ಮೇಲೆ ಎಸೆದ ಕಲ್ಲನ್ನು ಹಿಡಿಯಲು ಮರೆಯುತ್ತಿದ್ದಳು.

ಆ ಆದಿತ್ಯವಾರ ಅಪ್ಪನಿಗೆ ಸಿಕ್ಕಿದ್ದು, ಹುಟ್ಟಿದೊಡನೆ ತನ್ನನ್ನು ನದಿಗೆ ಬಿಟ್ಟ ತಾಯಿಯನ್ನು ಯುದ್ಧದ ಮುಂಚೆ ಎದುರಿಸುವ ಮಗನ ಪಾತ್ರ. ಅಕ್ಕ ಬಟ್ಟೆ ಒಗೆಯಲೆಂದು ಮನೆಯಲ್ಲೇ ಉಳಿದಿದ್ದಳು.

"ಜನರ ಬಾಯಿಗೆ ಹೆದರಿ ಮಗುವನ್ನು ಬಿಟ್ಟುಕೊಟ್ಟೆ, ತಾಯೀ," ಎಂದರು ಅಪ್ಪ. "ನೀನು ಬಿಟ್ಟ ಕರ್ತವ್ಯಕ್ಕೆ ಈಗ ನನ್ನ ಕರ್ಮವೆಂದು ಹೆಸರಿಡಬೇಡ."

ಸಭೆ ಚಪ್ಪಾಳೆ ತಟ್ಟಿತು. ನಾನು ಗೋಳಿಬಜೆಗೂ ನಿಲ್ಲದೆ ಮಳೆಯಲ್ಲೇ ಮನೆಗೆ ಓಡಿದೆ. ಅಪ್ಪ ನಿನ್ನನ್ನು ಕಳಿಸುವುದಿಲ್ಲ, ಎಲ್ಲರ ಎದುರು ಹೇಳಿದರು ಎಂದೆ. ಅಕ್ಕ ಅದನ್ನು ಮೂರು ಸಲ ಹೇಳಿಸಿದಳು. ಆಮೇಲೆ ಯೂನಿಫಾರ್ಮ್ ಹುಡುಕಿ ಇಸ್ತ್ರಿ ಮಾಡಿದಳು.

ಸೋಮವಾರ ಬೆಳಿಗ್ಗೆ ಅಪ್ಪ ಅವಳನ್ನು ನೋಡಿದರು.

"ಇದೆಂತ ವೇಷ? ಮಧ್ಯಾಹ್ನ ಊರಿನ ಬಸ್ಸುಂಟಲ್ಲ."

"ನಿನ್ನೆ ನೀವೇ ಹೇಳಿದ್ರಂತೆ, ಜನರಿಗೆ ಹೆದರಿ ಮಕ್ಕಳನ್ನು ಬಿಡ್ಬಾರ್ದು ಅಂತ."

ಅಪ್ಪನಿಗೆ ಸ್ವಲ್ಪ ಹೊತ್ತು ಏನೂ ತಿಳಿಯಲಿಲ್ಲ. ತಿಳಿದಾಗ ನಕ್ಕುಬಿಟ್ಟರು.

"ಅದು ಪಾತ್ರದ ಮಾತು ಮಾರಾಯ್ತಿ. ನಾಳೆ ತಾಯಿಯ ಪಾತ್ರ ಕೊಟ್ರೆ ಅವಳ ಪರವೂ ಮಾತಾಡ್ತೇನೆ."

ಅಕ್ಕ ಅಪ್ಪನನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

ಗಣಪತಿ ಹಬ್ಬದ ಹೊತ್ತಿಗೆ ಅಪ್ಪನಿಗೆ ತಾಯಿಯ ಪಾತ್ರವೂ ಸಿಕ್ಕಿತು. ಮಗುವನ್ನು ಕಳಿಸಿಕೊಟ್ಟವರ ಸಂಕಟವನ್ನು ಎಷ್ಟು ಚೆನ್ನಾಗಿ ಹೇಳಿದರೆಂದರೆ, ಎದುರು ಕುಳಿತ ಮಗನ ಪಾತ್ರಧಾರಿಯೂ ಕಣ್ಣೊರೆಸಿಕೊಂಡರು. ಆ ಸಂಕಟ ಅವರಿಗೆ ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಎದ್ದು ಹೊರಗೆ ಬಂದೆ.

ಅಕ್ಕ ಮತ್ತೆ ಶಾಲೆಗೆ ಹೋಗಲಿಲ್ಲ. ದೊಡ್ಡಮ್ಮ ಆರು ವರ್ಷ ಬದುಕಿದರು. ಅಕ್ಕನಿಗೆ ಊರಿನಲ್ಲೇ ಮದುವೆಯಾಯಿತು. ಫೋನಿನಲ್ಲಿ ನಾವು ಅಡುಗೆ, ಮಕ್ಕಳು, ಮಂಡಿನೋವು ಎಲ್ಲವನ್ನೂ ಮಾತಾಡಿದೆವು, ಆ ಸೋಮವಾರವೊಂದನ್ನು ಬಿಟ್ಟು. ಈಗ ಚಾಳಿನ ಜಾಗದಲ್ಲಿ ಬಿಲ್ಡಿಂಗ್ ಎದ್ದಿದೆ. ಅಪ್ಪ ತೀರಿಕೊಂಡೇ ವರ್ಷಗಳಾದವು. ಯಾರಾದರೂ ಚಂದ ಮಾತಾಡಿದರೆ ಇವರದು ಇಂದು ಯಾವ ಪಾತ್ರವೋ ಎಂದು ನೋಡುವ ಅಭ್ಯಾಸ ಮಾತ್ರ ನನ್ನಲ್ಲಿ ಉಳಿದಿದೆ.

ಕಳೆದ ತಿಂಗಳು ಅಕ್ಕನೂ ಹೋದಳು. ಹದಿಮೂರನೆಯ ದಿನದ ಊಟಕ್ಕೆ ಕುಳಿತಿದ್ದ ಹಿರಿಯರೊಬ್ಬರು, ಓದಿ ಮುಂದೆ ಬರಬೇಕಾಗಿದ್ದ ಹುಡುಗಿ, ಏನು ಮಾಡುವುದು, ಅವಳ ಕರ್ಮ ಎಂದರು. ಸಾಲಿನವರೆಲ್ಲ ತಲೆಯಾಡಿಸಿದರು. ನಾನು ಎಲೆಯ ಮೇಲಿನ ಅನ್ನ ಕಲಸಿದೆ. ಆ ಮಾತಿಗೆ ಎದುರು ಹೇಳಬಲ್ಲವರು ನನಗೆ ಗೊತ್ತಿದ್ದದ್ದು ಒಬ್ಬರೇ, ನಮ್ಮ ಅಪ್ಪ.