ಬೇಸಿಗೆಯಲ್ಲೂ ಇಂಬಳ ಹುಡುಕಿಸಿದವರು

“ಲೈನಿನವರಿಗೆ ಪಾಠ ಹೇಳಿ ಕಾಯಿಲೆ ಹಿಡಿತಕ್ಕೆ ತರೋದಾ? ಆಗೋ ಮಾತಲ್ಲ” ಎಂದವರು ನಮ್ಮ ಕಾಫಿ ಎಸ್ಟೇಟಿನಲ್ಲಿ, ಕೂಲಿಯವರ ಸಾಲುಮನೆಗಳಾದ ಲೈನುಗಳ ಹಾಜರಿ ನೋಡುತ್ತಿದ್ದ ರೈಟರು. ನಾನು ಡಿಗ್ರಿ ಮಾಡುತ್ತೇನೆ ಎಂದಾಗಲೂ ಅವರು ಹೇಳಿದ್ದು ‘ಆಗೋ ಮಾತಲ್ಲ’ ಎಂದೇ. ಅವರೆದುರು ನಿಂತಿದ್ದ ಡಾಕ್ಟರಮ್ಮನ ಬಿಳಿ ಕೋಟಿನ ಮೇಲೆ, ಮೊಣಕಾಲಿನ ನೇರಕ್ಕೆ, ಕೆಂಪು ಮಣ್ಣಿನ ಎರಡು ಗುಂಡನೆಯ ಕಲೆಗಳಿದ್ದವು. ನೆಲಕ್ಕೆ ಮಂಡಿಯೂರಿ ರೋಗಿಯ ಪಾದವನ್ನು ಅಂಗೈಯಲ್ಲಿಟ್ಟುಕೊಂಡು ನೋಡುವುದು ಅವರ ರೂಢಿ. ಎಷ್ಟು ಒಗೆಸಿದರೂ ಆ ಕಲೆ ಹೋಗಲಿಲ್ಲ.

ತೊಂಬತ್ತರ ದಶಕದ ಕೊನೆ. ನಾನು ಮೂಡಿಗೆರೆಯಲ್ಲಿ ಪಿಯುಸಿ ಓದುತ್ತಿದ್ದೆ. ಅಪ್ಪ ಇರಲಿಲ್ಲ. ಅವ್ವನಿಗೆ ಸಕ್ಕರೆ ಕಾಯಿಲೆ, ಪಾದ ಜೋಮು ಹಿಡಿದು ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಪಕ್ಕದ ಮನೆಯ ಅಜ್ಜನಿಗೆ ಬೂಟು ಉಜ್ಜಿ ಆದ ಸಣ್ಣ ಗಾಯ ಕೊಳೆತು, ಕಾಲನ್ನೇ ತೆಗೆದಿದ್ದರು. ಅವ್ವನಿಗೂ ಹಾಗಾದರೆ ನಾನು ಕಾಲೇಜು ಬಿಟ್ಟು ಹಣ್ಣು ಕೊಯ್ಯಲು ಹೋಗಬೇಕಿತ್ತು. ಅದು ಇಬ್ಬರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಡಾಕ್ಟರಮ್ಮ ಬಂದದ್ದು ಸಂಶೋಧನೆಗೆ. ತಿಳಿಸಿ ಹೇಳಿದರೆ ಸಕ್ಕರೆ ಕಾಯಿಲೆಯವರ ಕಾಲು ಉಳಿಯುತ್ತದೆಯೇ ಎಂಬುದು ಅವರ ಪ್ರಶ್ನೆ. ಒಂದು ಲೈನಿಗೆ ಮಾತ್ರೆಯ ಜೊತೆ ಪಾಠ, ಗುಡ್ಡದಾಚೆಯ ಲೈನಿಗೆ ಸದ್ಯಕ್ಕೆ ಮಾತ್ರೆಯಷ್ಟೇ. ವರ್ಷದ ಮೇಲೆ ಎರಡೂ ಕಡೆಯವರ ಪಾದ ಹೋಲಿಸಿ ನೋಡುವುದು. ಚೀಟಿ ಎತ್ತಿದಾಗ ಪಾಠ ನಮ್ಮ ಪಾಲಿಗೆ ಬಂತು.

ಅಂಗಾಲು ನೋಡಿಕೊಳ್ಳಿ ಎಂದು ಅವರು ಮನೆಮನೆಗೊಂದು ಕನ್ನಡಿ ಕೊಟ್ಟರು. ಮುಂದಿನ ಸಲ ಬಂದಾಗ ಕನ್ನಡಿಗಳೆಲ್ಲ ಗೋಡೆ ಏರಿದ್ದವು. ನಮ್ಮ ಮನೆಯದರ ಅಂಚಿಗೆ ಅವ್ವನ ಬಿಂದಿ ಅಂಟಿಕೊಂಡಿತ್ತು. “ಮುಖ ನೋಡ್ಕಳಕ್ಕೇ ಪುರ್ಸೊತ್ತಿರ್ಲಿಲ್ಲ, ಈಗ ಆಯ್ತು ನೋಡಿ” ಎಂದಳು ಪಕ್ಕದ ಮನೆ ಅಜ್ಜಿ. ಡಾಕ್ಟರಮ್ಮ ಬೈಯಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಅವರು ಯಾರನ್ನೂ ‘ಗೊತ್ತಾಯ್ತಾ’ ಎಂದು ಕೇಳಿದವರಲ್ಲ. ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ ಎನ್ನುತ್ತಿದ್ದರು. ಪಾಠ ಮುಗಿದ ಮೇಲೆ ಮಣೆ ಎಳೆದುಕೊಂಡು ತಾವೇ ಕೆಳಗೆ ಕೂತು, “ಈಗ ನೀವು ನನಗೆ ಹೇಳಿಕೊಡಿ” ಎನ್ನುವರು. ಅವ್ವ ಪ್ರತಿಸಲವೂ ತಡವರಿಸುತ್ತಿದ್ದಳು. ನೋವಿಲ್ಲದ ಕಾಲನ್ನು ದಿನಾ ಯಾಕೆ ನೋಡಬೇಕು ಎಂಬಲ್ಲಿಗೆ ಬಂದು ನಿಂತುಬಿಡುತ್ತಿದ್ದಳು.

ಒಂದು ಸಂಜೆ ಡಾಕ್ಟರಮ್ಮನನ್ನು ಕರೆದೊಯ್ಯುವ ಜೀಪು ತಡವಾಯಿತು. ಜನ ತೋಟದಿಂದ ಬಂದು ಜಗುಲಿಯಲ್ಲಿ ಕೂತು, ಒಬ್ಬರ ಕಾಲು ಒಬ್ಬರ ತೊಡೆಯ ಮೇಲಿಟ್ಟುಕೊಂಡು ರಕ್ತ ಹೀರುವ ಇಂಬಳ ಹುಡುಕುತ್ತಿದ್ದರು. ಮಳೆಗಾಲದಲ್ಲಿ ಅದು ನಮಗೆ ಮುಖ ತೊಳೆದಷ್ಟು ಮಾಮೂಲು. ಡಾಕ್ಟರಮ್ಮ ಸುಮ್ಮನೆ ನೋಡುತ್ತಾ ಕೂತಿದ್ದರು. ಆಮೇಲೆ ಅವ್ವನನ್ನು ಕೇಳಿದರು, ಇಂಬಳ ಕಚ್ಚಿದರೆ ನೋವಾಗುತ್ತದೆಯೇ ಎಂದು.

“ಎಲ್ಲಿ ನೋವು? ಕಚ್ಚಿದ್ದೇ ಗೊತ್ತಾಗಲ್ಲ. ಅದಕ್ಕೇ ಅಲ್ವಾ ಹುಡ್ಕದು.”

“ನಿಮ್ಮ ಗಾಯಾನೂ ಹಾಗೇ ಅಮ್ಮಾ. ಹೇಳದೇ ಬರುತ್ತೆ.”

ಅವ್ವ ತನ್ನ ಎಡಗಾಲನ್ನು ನನ್ನ ತೊಡೆಯ ಮೇಲೆ ಇಟ್ಟಳು. ಬೆರಳ ಸಂದಿ ಬಿಡಿಸಿದೆ. ಕಿರುಬೆರಳಿನ ಬುಡದಲ್ಲಿ ಚರ್ಮ ಬಿಳುಚಿ ಬಿರಿದು, ಒಳಗೆ ಕೀವು ಕಟ್ಟಲು ಶುರುವಾಗಿತ್ತು. ಆಗಿ ಎಷ್ಟು ದಿನವಾಗಿತ್ತೋ ಅವ್ವನಿಗೂ ತಿಳಿಯದು. ಡಾಕ್ಟರಮ್ಮ ಅಲ್ಲೇ ಮಂಡಿಯೂರಿದರು. ಆ ಗಾಯ ಮಾಯಲು ದೀಪಾವಳಿ ಕಳೆಯಿತು. ಬೆರಳು ಉಳಿಯಿತು, ನನ್ನ ಕಾಲೇಜೂ ಉಳಿಯಿತು.

ಮಳೆ ನಿಂತಾಗ ಅವರು ಹೇಳಿದ್ದು ಒಂದೇ ಮಾತು: “ಬೇಸಿಗೇಲೂ ಇಂಬಳ ಇದೆ ಅಂದ್ಕೊಳಿ.” ಹಣ್ಣು ಕೊಯ್ಲಿನ ಬಿಸಿಲಲ್ಲಿ ನಮ್ಮ ಲೈನಿನವರು ಜಗುಲಿಯಲ್ಲಿ ಕೂತು ಇಲ್ಲದ ಇಂಬಳ ಹುಡುಕುವುದನ್ನು ಕಂಡು ರೈಟರು, ಇವರಿಗೆಲ್ಲ ತಲೆ ಕೆಟ್ಟಿದೆ ಎಂದರಂತೆ. ವರ್ಷದ ಕೊನೆಗೆ ನಮ್ಮ ಕಡೆ ಗಾಯ ಬಲಿತವರು ಕಡಿಮೆ ಇದ್ದರು. ನಾವು ಕುಣಿದಾಡಿದೆವು. ಡಾಕ್ಟರಮ್ಮ ಮಾತ್ರ, ಜನ ಕಡಿಮೆ, ಒಂದೇ ವರ್ಷ, ದೊಡ್ಡ ಮಾತು ಆಡುವ ಹಾಗಿಲ್ಲ ಎಂದು, ಗುಡ್ಡದಾಚೆಗೆ ಪಾಠ ಹೇಳಲು ನಡೆದರು. ಅಲ್ಲಿಗೆ ಅವ್ವನನ್ನೂ ಕರೆದುಕೊಂಡು ಹೋದರು.

ನರ್ಸಿಂಗ್ ಓದು ಎಂದವರೂ ಅವರೇ, ಅರ್ಜಿ ತಂದುಕೊಟ್ಟವರೂ ಅವರೇ. ಇಂಗ್ಲಿಷ್ ಪಾಠ ತಲೆಗೆ ಹತ್ತದೆ ಮೊದಲ ವರ್ಷ ಎರಡು ವಿಷಯದಲ್ಲಿ ಫೇಲಾದೆ. ಸುದ್ದಿ ತಿಳಿದು ಬಂದವರು ಸಮಾಧಾನ ಹೇಳಲಿಲ್ಲ. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು, ಪುಸ್ತಕ ನನ್ನ ಕೈಗೆ ಕೊಟ್ಟು, ಈಗ ನನಗೆ ಹೇಳಿಕೊಡು ಎಂದರು. ಹಾಗೇ ಪಾಸಾದೆ.

ಡಾಕ್ಟರಮ್ಮ ಈಗಿಲ್ಲ. ವಾರ್ಡಿನಲ್ಲಿ ರೋಗಿಗೆ ಹೇಳುವುದು ಮುಗಿಸಿ ಸ್ಟೂಲು ಎಳೆದುಕೊಳ್ಳುವಾಗ ನನ್ನ ಬಾಯಿಂದ ಬರುವುದು ಅವರದೇ ಮಾತು.

ಆದರೆ ನನ್ನ ಪದವಿ ಪ್ರದಾನದ ದಿನ ಅವರು ಅವ್ವನ ಪಕ್ಕ ಕೂತಿದ್ದರು. ನಮ್ಮ ಮನೆತನಕ್ಕೆ ಅದು ಮೊದಲ ಡಿಗ್ರಿ. ಸರ್ಟಿಫಿಕೇಟು ತಂದು ಅವರ ಕೈಗಿಟ್ಟೆ. ಅವರು ಅದನ್ನು ಅವ್ವನ ಮಡಿಲಿಗೆ ಹಾಕಿ, ಹಳೆಯ ತುಂಟತನದಲ್ಲಿ, “ಏನಿದೆ ಇದರಲ್ಲಿ? ಈಗ ನೀವು ನನಗೆ ಹೇಳಿಕೊಡಿ” ಎಂದರು.

ಅವ್ವ ಬಗ್ಗಿ, ಕ್ಯಾನ್ವಾಸ್ ಶೂಗಳನ್ನು ನಿಧಾನವಾಗಿ ಕಳಚಿ, ಎರಡೂ ಪಾದಗಳನ್ನು ಅವರ ಮುಂದೆ ಚಾಚಿದಳು.

“ಅಕ್ಷರ ನಂಗೆ ಬರಲ್ಲ ಡಾಕ್ಟ್ರಮ್ಮಾ. ಇದನ್ನ ನೋಡಿ. ಹತ್ತು ಬೆರಳೂ ಜೊತೇಲಿ ಬಂದವೆ.”