ಮಾತಾಡದ ಪರದೆ

ನನಗೆ ಎಣಿಸುವ ಚಟವಿದೆ. ಬಹಳ ವರ್ಷ ಇದನ್ನು ಒಂದು ಗುಣವೆಂದೇ ನಂಬಿದ್ದೆ. ಇಂಡಿಯಿಂದ ಸಿಂದಗಿಗೆ ಕೆಲಸಕ್ಕೆ ಹೋಗುವಾಗ ಬಸ್ಸು ಎಷ್ಟು ಕಡೆ ನಿಂತಿತು, ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಎಷ್ಟು ಮೌಸುಗಳು ಸತ್ತವು, ಅವ್ವ ಬೆಳಿಗ್ಗೆ ಎಷ್ಟು ಸಲ 'ಏಳವಾ' ಅಂದಳು, ಎಲ್ಲವೂ ದಿನಚರಿಯ ಹಿಂಬದಿಯ ಪುಟಗಳಲ್ಲಿ ಗೆರೆಗಳಾಗಿ ನಿಂತಿವೆ: ನಾಲ್ಕು ನೆಟ್ಟಗೆ, ಐದನೆಯದು ಅವುಗಳ ಮೇಲೆ ಅಡ್ಡ. "ನಮ್ಮ ಸವಿತಾಗ ನೆಗಡಿ ಆದ್ರ ಔಷಧ ತಗೊಳ್ಳೂದಿಲ್ರಿ, ಎಷ್ಟ ಸಲ ಸೀನಿದೆ ಅಂತ ಬರಕೋತಾಳ" ಎಂದು ನನ್ನ ವೈನಿ, ಅಣ್ಣನ ಹೆಂಡತಿ, ಬಂದವರ ಮುಂದೆಲ್ಲ ಹೇಳುತ್ತಾಳೆ. ಸುಳ್ಳಲ್ಲ. ಹನ್ನೊಂದು ಸಲ.

ಈ ವರ್ಷದ ದಿನಚರಿಯಲ್ಲಿ 'ಎಫ್ ಎರಡು' ಎಂಬ ತಲೆಬರಹದ ಒಂದು ಪುಟವಿದೆ. ಅದರ ಕೆಳಗೆ ನಲವತ್ಮೂರು ಗೆರೆಗಳಿವೆ. ನಲವತ್ಮೂರು ಸಲ ಒಂದು ಬಾಗಿಲನ್ನು ಬಡಿದೆ, ನಲವತ್ಮೂರು ಸಲವೂ ಅದು ತೆರೆಯಲಿಲ್ಲ ಎಂದು ಅದರ ಅರ್ಥ.

ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ನಮ್ಮ ಪರಿಚಯದ ಚಿತ್ರ ಪರದೆಯ ಮೇಲೆ ಬರುವ ಮೊದಲು ಒಂದು ಸಣ್ಣ ಹೊತ್ತು ಇರುತ್ತದೆ. ಆಗ ಯಂತ್ರದ ಒಳಗಿನ ಮದರ್‌ಬೋರ್ಡ್ ಎಂಬ ಹಲಗೆಯಲ್ಲೇ ಕೂತಿರುವ ಒಂದು ಪುಟ್ಟ ವ್ಯವಸ್ಥೆ ಎದ್ದು, ಇವತ್ತು ತಾರೀಖು ಎಷ್ಟು, ಕೀಲಿಮಣೆ ಇದೆಯೇ, ಡಿಸ್ಕಿನಿಂದ ಏಳಬೇಕೋ ಪೆನ್‌ಡ್ರೈವಿನಿಂದ ಏಳಬೇಕೋ ಎಂದು ತನ್ನೊಳಗೇ ವಿಚಾರಿಸಿಕೊಳ್ಳುತ್ತದೆ. ಇದಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಅದರ ಸೆಟ್ಟಿಂಗ್ಸ್ ಬದಲಿಸಬೇಕಾದರೆ ಆ ಸಣ್ಣ ಹೊತ್ತಿನಲ್ಲಿಯೇ ಎಫ್ ಎರಡನ್ನೋ ಡಿಲೀಟನ್ನೋ ಒತ್ತಬೇಕು. ಬೇಗ ಒತ್ತಿದರೆ ಅದಕ್ಕಿನ್ನೂ ಕಿವಿ ಬಂದಿರುವುದಿಲ್ಲ. ತಡವಾದರೆ ಅದು ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ಮಲಗಿಬಿಟ್ಟಿರುತ್ತದೆ.

ನಾನು ಬಡಿದ ಬಾಗಿಲು ಮುದ್ದೇಬಿಹಾಳದಲ್ಲಿತ್ತು. ಶಾಲೆಯಲ್ಲಿ ನನಗೆ ಕಲಿಸಿದ ಶಂಶಾದ ಅಕ್ಕೋರ ಮನೆಯಲ್ಲಿ.

ಹೂವಿನ ಹಿಪ್ಪರಗಿಯಲ್ಲಿ ಮೂರನೆಯ ಇಯತ್ತೆ ಓದುವಾಗ ನನ್ನ ಕೈಗೆ ದಿನಚರಿ ಕೊಟ್ಟವರು ಅವರೇ. ಆಗ ಅವರ ಕಣ್ಣು ಚೆನ್ನಾಗಿದ್ದವು. ಆಮೇಲೆ ಒಂದೊಂದು ವರ್ಷಕ್ಕೆ ಒಂದಿಷ್ಟು ಎನ್ನುವಂತೆ ಮಂದವಾಗುತ್ತ ಬಂದು, ಈಗ ಕಿಟಕಿ ಯಾವ ಕಡೆ ಇದೆ ಎನ್ನುವುದಷ್ಟೇ ತಿಳಿಯುತ್ತದೆ. ಕೆಲಸ ಬಿಟ್ಟಿಲ್ಲ. ಪಾಠಗಳು ಬಾಯಿಗೆ ಬರುತ್ತವೆ. ಉಳಿದದ್ದನ್ನು ಅವರ ಕಂಪ್ಯೂಟರ್ ನೋಡಿಕೊಳ್ಳುತ್ತದೆ; ಪರದೆಯಲ್ಲಿದ್ದುದನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಅದರಲ್ಲಿದೆ. ಅವರ ದಿನಚರಿಯೂ ಅದರೊಳಗೇ ಇದೆ.

ಒಂದು ಬೆಳಿಗ್ಗೆ ಆ ಯಂತ್ರ ಮಾತು ನಿಲ್ಲಿಸಿತು. ಫ್ಯಾನಿನ ಸದ್ದು ಮಾತ್ರ ಕೇಳುತ್ತದೆ ಎಂದು ಅಕ್ಕೋರು ಫೋನು ಮಾಡಿದರು.

"ಅಲ್ಲೇ ಅಂಗಡ್ಯಾಗ ತೋರಸ್ರಿ ಅಕ್ಕೋರ, ನಾ ಬರೂದು ಐತವಾರನ ಆಕ್ಕೈತಿ" ಎಂದೆ.

"ಅಂಗಡಿಗೆ ಒಯ್ಯೂದಿಲ್ಲ" ಎಂದರು. ಕಾರಣ ಹೇಳದೆ ಫೋನು ಇಟ್ಟರು.

ಅದು ತಿಳಿದದ್ದು ಭಾನುವಾರ ಅವರ ಮನೆಗೆ ಹೋದಾಗ. ಹಿಂದೊಮ್ಮೆ ಕೆಟ್ಟಾಗ ಬೇರೆ ಊರಿನ ಅಂಗಡಿಯೊಂದಕ್ಕೆ ಕೊಟ್ಟಿದ್ದರು. ದುರಸ್ತಿ ಚೆನ್ನಾಗಿಯೇ ಆಯಿತು. ಮರಳಿ ಕೊಡುವಾಗ ಆ ಮನುಷ್ಯ ಬಹಳ ಗೌರವದಿಂದ, "ಅಕ್ಕೋರ, ನೀವು ಭಾಳ ಚಲೋ ಬರೀತೀರಿ ಬಿಡ್ರಿ" ಅಂದನಂತೆ.

"ಅವಾ ಕೆಟ್ಟ ಮನಷ್ಯಾ ಅಲ್ಲ" ಎಂದರು ಅಕ್ಕೋರು. "ಕೆಟ್ಟಾವ ಇದ್ದಿದ್ರ ಬೈದು ಹಗುರಾಗತಿದ್ದೆ. ಹೊಗಳಿದಾ, ಏನ್ ಮಾಡ್ಲಿ? ನಿಮ್ಮದನ್ನ ಯಾರರ ಓದಾಕತ್ತಿದ್ರ ಅವರ ಮಾರಿ ನೋಡಿ ನೀವು ತಿಳ್ಕೋತೀರಿ. ನನಗ ಅದೂ ಇಲ್ಲ."

ಕೋಣೆಯ ಮೂಲೆಯಲ್ಲಿ ಮಾನಿಟರ್ ಗೋಡೆಗೆ ಮುಖ ಮಾಡಿ ನಿಂತಿತ್ತು. ಮೇಲೊಂದು ಚಾದರ. ಶಾಲೆಯಲ್ಲಿ ತಪ್ಪು ಮಾಡಿದವರನ್ನು ನಿಲ್ಲಿಸುವ ರೀತಿಯಲ್ಲೇ ನಿಲ್ಲಿಸಿದ್ದರು.

ಅವರ ಷರತ್ತು ಎರಡು. ಒಂದು, ಒಳಗಿನ ಬರಹವನ್ನು ನಾನು ನೋಡಬಾರದು. ಎರಡು, ಮುಂದೆಂದಾದರೂ ಇದು ಕೆಟ್ಟರೆ ಅವರೇ ಎಬ್ಬಿಸುವಂತೆ ಕಲಿಸಬೇಕು; ಯಾರನ್ನೂ ಕರೆಯಬಾರದು, ನನ್ನನ್ನೂ.

ನನ್ನ ಬಳಿ ಮಾತಾಡುವ ವ್ಯವಸ್ಥೆಯನ್ನು ತುಂಬಿದ ಒಂದು ಪೆನ್‌ಡ್ರೈವ್ ಇತ್ತು. ಯಂತ್ರ ಡಿಸ್ಕನ್ನು ಬಿಟ್ಟು ಅದರಿಂದ ಎದ್ದರೆ ಮುಂದಿನದೆಲ್ಲ ಕಿವಿಯಿಂದಲೇ ಸಾಗುತ್ತದೆ. ಅಷ್ಟಾಗಲು ಆ ಸೆಟ್ಟಿಂಗ್ಸಿನೊಳಗೆ ಒಮ್ಮೆ ಹೋಗಬೇಕು. ಮಾತಾಡುವ ಯಂತ್ರದಲ್ಲಿ ಮಾತಾಡದ ಪರದೆ ಅದೊಂದೇ. ಓದುವ ತಂತ್ರಾಂಶ ಏಳುವ ಮೊದಲಿನ ಹೊತ್ತು ಅದು.

ಇದನ್ನು ಅಕ್ಕೋರಿಗೆ ವಿವರಿಸಿದೆ. ಅವರು ಕನ್ನಡ ಕಲಿಸುವವರು, ಯೋಚಿಸಿ ಹೇಳಿದರು: "ಅಂದ್ರ ಎದ್ದಮ್ಯಾಲ ಮಾರಿ ತೊಳಕೊಳ್ಳೂಕಿಂತ ಮೊದಲಿನ ಹೊತ್ತು. ಆಗ ಯಾರೂ ಮಾತಾಡೂದಿಲ್ಲ ಬಿಡು."

ಇಷ್ಟು ಒಳ್ಳೆಯ ವಿವರಣೆಯನ್ನು ನಾನು ಕಾಲೇಜಿನಲ್ಲಿ ಒಮ್ಮೆಯೂ ಕೊಟ್ಟಿಲ್ಲ. ಆದರೆ ಅದರ ಬೆನ್ನಲ್ಲೇ ನಾನು ಹೇಳಿದ್ದು ಏನೆಂದರೆ, "ನೋಡ್ರಿ ಅಕ್ಕೋರ, ಕಂಪನಿ ಲೋಗೋ ಬಂದ ಕೂಡ್ಲೇ ಎಫ್ ಎರಡು ಒತ್ತಬೇಕು."

"ಬಂದಾಗ ಹೇಳಿ ಕಳಸು" ಎಂದರು ಅಕ್ಕೋರು.

ಅವರ ತಾಯಿ ಒಳಗೆ ನಕ್ಕದ್ದು ಕೇಳಿಸಿತು. ಆದರೆ ಶಿಕ್ಷೆ ಅಲ್ಲಿಗೇ ಮುಗಿಯಲಿಲ್ಲ. ಚಾದರ ತೆಗೆದು, ಮಾನಿಟರನ್ನು ನನ್ನ ಕಡೆ ತಿರುಗಿಸಿಕೊಂಡು ಒತ್ತತೊಡಗಿದೆ. ಕಣ್ಣಿದ್ದವಳಿಗೂ ಲೋಗೋ ಕಾಣಲಿಲ್ಲ. ಯಂತ್ರ ಬೇಗ ಏಳಲೆಂದು ಯಾರೋ ಫಾಸ್ಟ್ ಬೂಟ್ ಎಂಬುದನ್ನು ಚಾಲೂ ಮಾಡಿಟ್ಟಿದ್ದರು. ಕೀಲಿಮಣೆ ಎಚ್ಚರಾಗುವಷ್ಟರಲ್ಲಿ ಆ ಹೊತ್ತೇ ದಾಟಿಹೋಗುತ್ತಿತ್ತು. ಎಫ್ ಎರಡು, ಡಿಲೀಟ್, ಎಸ್ಕೇಪ್, ಎಫ್ ಹತ್ತು, ಎಫ್ ಹನ್ನೆರಡು ಎಲ್ಲ ಒತ್ತಿದೆ. ಶಿಫ್ಟ್ ಒತ್ತಿ ರೀಸ್ಟಾರ್ಟ್ ಮಾಡುವ ಇನ್ನೊಂದು ದಾರಿ ಇದೆ, ಆದರೆ ಅದಕ್ಕೆ ವಿಂಡೋಸ್ ಎದ್ದಿರಬೇಕು. ಅದು ಏಳದ್ದಕ್ಕೇ ನಾನು ಬಂದದ್ದು. ಏಳುವಾಗ ಮೂರು ಸಲ ನಡುವೆಯೇ ಕರೆಂಟು ತೆಗೆದರೆ ದುರಸ್ತಿಯ ಪುಟ ಬರುತ್ತದೆನ್ನುತ್ತಾರೆ. ಬಂತು. ಬಂದು, ತಯಾರಾಗುತ್ತಿದ್ದೇನೆ ಎಂದು ಹೇಳಿ, ಚುಕ್ಕಿಗಳನ್ನು ತಿರುಗಿಸುತ್ತ ಕೂತಿತು.

"ಬೇಟಿ, ಚಾ ಕುಡಿ. ಅದರ ಬಾಗಲಾ ಬಡದು ಬಡದು ಕೈ ಬಟ್ಟ ಸವಸಬ್ಯಾಡ" ಎಂದರು ಅಕ್ಕೋರ ತಾಯಿ. ಆ ಭಾನುವಾರದ ಗಳಿಕೆ ನಲವತ್ಮೂರು ಗೆರೆ ಮತ್ತು ಮೂರು ಕಪ್ ಚಹಾ.

ಸಿಂದಗಿಯಲ್ಲಿ ನನ್ನ ಪರಿಚಯದ ದುರಸ್ತಿಗಾರರೊಬ್ಬರನ್ನು ಕೇಳಿದೆ. "ಸೆಲ್ಲ ತಗೀರಿ, ಎಲ್ಲಾ ಮರೀತೈತಿ, ತಾನ ಬಾಗಲಾ ತಗೀತೈತಿ" ಎಂದರು. ಹಲಗೆಯ ಮೇಲೆ ನಾಣ್ಯದಂಥ ಒಂದು ಸೆಲ್ ಇರುತ್ತದೆ. ಯಂತ್ರ ಬಂದ್ ಆಗಿದ್ದಾಗಲೂ ತಾರೀಖನ್ನು ನೆನಪಿನಲ್ಲಿಡುವುದು ಅದರಿಂದಲೇ. ಅದನ್ನು ತೆಗೆದರೆ ಯಂತ್ರ ನಡುವಿನ ವರ್ಷಗಳನ್ನೆಲ್ಲ ಬಿಟ್ಟು, ತಾನು ಹುಟ್ಟಿದ ಕಾಲದ ಯಾವುದೋ ಜನವರಿ ಒಂದಕ್ಕೆ ಹೋಗಿ ನಿಲ್ಲುತ್ತದೆ. ದಿನಚರಿ ಬರೆಯುವವಳಿಗೆ ಈ ಉಪಾಯ ಹಿಡಿಸುವುದು ಕಷ್ಟ. ಬರಹ ಡಿಸ್ಕಿನಲ್ಲಿರುತ್ತದೆ, ಅದಕ್ಕೇನೂ ಆಗದು ಎಂದು ಗೊತ್ತಿದ್ದೂ, ಇನ್ನೊಬ್ಬರ ಯಂತ್ರಕ್ಕೆ ತಾರೀಖು ಮರೆಸಲು ನನಗೆ ಕೈ ಬರಲಿಲ್ಲ.

ಎರಡನೆಯ ಭಾನುವಾರ ಇನ್ನೊಂದು ದಾರಿ ಹಿಡಿದೆ. ಡಬ್ಬಿ ಬಿಚ್ಚಿ, ವೈರು ಕಿತ್ತು, ಡಿಸ್ಕನ್ನೇ ಹೊರಗೆ ತೆಗೆದು ಅಕ್ಕೋರ ಕೈಯಲ್ಲಿಟ್ಟೆ.

"ಇಷ್ಟ ಏನು?" ಎಂದರು. ಅಂಚುಗಳ ಮೇಲೆ ಬೆರಳಾಡಿಸಿದರು. "ಎಲ್ಲಾ ಇದರಾಗ?"

"ಹೌದ್ರಿ."

ಅವರು ಅದನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡರು. ಆ ಮಧ್ಯಾಹ್ನ ಪೂರ್ತಿ ಅವರ ಮುಖದಲ್ಲಿ, ನಾನು ಮನೆಗೆ ಬಂದಾಗಿನಿಂದ ಕಾಣದಿದ್ದ ಒಂದು ನೆಮ್ಮದಿಯಿತ್ತು. ಯಂತ್ರದೊಳಗೆ ಯಾರು ಇಣುಕಿದರೂ ಈಗ ಅಲ್ಲಿ ಅವರದೇನೂ ಇರಲಿಲ್ಲ.

ಗುಂಡಿ ಒತ್ತಿದೆ. ಏಳಲು ಡಿಸ್ಕಿಲ್ಲ, ಪೆನ್‌ಡ್ರೈವನ್ನು ನಂಬಲು ಅಪ್ಪಣೆಯಿಲ್ಲ. ಹೋಗಲು ಎಲ್ಲಿಯೂ ಜಾಗವಿಲ್ಲದ ಯಂತ್ರ ತಾನಾಗಿಯೇ ಸೆಟ್ಟಿಂಗ್ಸಿನ ಪುಟ ತೆರೆದುಕೊಂಡು ಕೂತಿತು. ಒಂದೇ ಒಂದು ಕೀಲಿ ಒತ್ತಿರಲಿಲ್ಲ. ದಿನಚರಿಯಲ್ಲಿ ಆ ದಿನಕ್ಕೆ ಗೆರೆಯೇ ಇಲ್ಲ.

ಮೊದಲು ಫಾಸ್ಟ್ ಬೂಟ್ ಬಂದ್ ಮಾಡಿದೆ, ಇನ್ನು ಎಫ್ ಎರಡಕ್ಕೆ ಕಿವಿ ಬರುವಂತೆ. ಪೆನ್‌ಡ್ರೈವನ್ನು ಚುಚ್ಚಿಟ್ಟು, ಪುಟದ ಪಟ್ಟಿಯಲ್ಲಿ ಅದರ ಹೆಸರನ್ನು ಮುಟ್ಟಲು ಯಾವ ಕೀಲಿ ಎಷ್ಟು ಸಲ ಒತ್ತಬೇಕೆಂದು ಎಣಿಸಿದೆ. ಜೀವಮಾನದ ಚಟಕ್ಕೆ ಮೊದಲ ಸಲ ಒಂದು ಉಪಯೋಗ ಸಿಕ್ಕಿತ್ತು. ಗುಂಡಿ ಒತ್ತಿದ ಮೇಲೆ ಎಫ್ ಎರಡನ್ನು ಬಿಡದೆ ಇಪ್ಪತ್ತು ಸಲ, ಹತ್ತು ಎಣಿಸುವವರೆಗೆ ಸುಮ್ಮನಿರುವುದು, ಬಲಬಾಣ ನಾಲ್ಕು, ಕೆಳಬಾಣ ಎರಡು, ಎಂಟರ್, ಎಫ್ ಹತ್ತು, ಎಂಟರ್. ಅಕ್ಕೋರು ಅದನ್ನು ಮಗ್ಗಿಯಂತೆ ನಾಲ್ಕು ಸಲ ಒಪ್ಪಿಸಿದರು. ಡಿಸ್ಕನ್ನು ಮತ್ತೆ ಒಳಗೆ ಕೂಡಿಸಿ, ಬಸ್ಸಿನ ಹೊತ್ತಾಯಿತೆಂದು ಓಡಿದೆ.

ಗುರುವಾರ ಅವರ ಫೋನು ಬಂತು.

"ಸವಿತಾ, ನಿನ್ನ ಲೆಕ್ಕ ತಪ್ಪೈತಿ."

ನನ್ನ ಲೆಕ್ಕ ತಪ್ಪೆಂದು ಅಷ್ಟು ಸಲೀಸಾಗಿ ಯಾರೂ ಅಂದಿರಲಿಲ್ಲ. "ಇಲ್ರಿ ಅಕ್ಕೋರ, ಎರಡ ಸಲ ನೋಡೇನ್ರಿ."

"ನೀ ಎಣಿಸಿದಾಗ ಡಿಸ್ಕ ನನ್ನ ಮಡಲಾಗ ಇತ್ತು. ಈಗ ಒಳಗ ಐತಿ. ಅದೂ ಆ ಪಟ್ಟಿಯೊಳಗ ಬಂದು ಕುಂತಿರಬೇಕಲ್ಲೇನು? ಮೂರ ದಿನಾ ನಿನ್ನಂಗ ಒತ್ತಿದೆ, ಮಾತ ಬರಲಿಲ್ಲ. ಇವತ್ತ ಕೆಳಗ ಒಂದ ಹೆಚ್ಚ ಒತ್ತಿದೆ. ಕೇಳು."

ಫೋನನ್ನು ಯಂತ್ರದ ಹತ್ತಿರ ಹಿಡಿದರು. ಮೂಗಿನಿಂದ ಮಾತಾಡುವ ಪೆನ್‌ಡ್ರೈವಿನ ದನಿ, ಇನ್ನೂ ಇಂಗ್ಲಿಷಿನಲ್ಲಿಯೇ, ನಾನು ಸಿದ್ಧ ಎಂದು ಹೇಳುತ್ತಿತ್ತು. ಕಾಲೇಜಿನ ಮೆಟ್ಟಿಲ ಮೇಲೆ ಕೂತು ಕೇಳಿದೆ. ಸಂತೋಷವೂ ಆಯಿತು, ಪರೀಕ್ಷೆಯಲ್ಲಿ ಒಂದು ಅಂಕ ಕಳೆದುಕೊಂಡವಳ ಸಂಕಟವೂ ಆಯಿತು.

ಇಲ್ಲಿಗೇ ನಿಲ್ಲಿಸಿದರೆ ನನ್ನ ಮಾನ ಉಳಿಯುತ್ತದೆ. ಆದರೆ ಮೂರನೆಯ ಭಾನುವಾರವೊಂದಿದೆ.

ಬರಹವನ್ನೆಲ್ಲ ಇನ್ನೊಂದು ಕಡೆ ನಕಲು ಮಾಡಿ, ವಿಂಡೋಸನ್ನು ರಿಪೇರಿ ಮಾಡುವುದು ಬಾಕಿಯಿತ್ತು. ಅಕ್ಕೋರು ನನ್ನ ಎದುರಿಗೆ ತಾವೇ ಎಣಿಸಿ ಒತ್ತಿ ಯಂತ್ರವನ್ನು ಎಬ್ಬಿಸಿದರು. ನಾನು ಮಾನಿಟರಿನ ಮುಂದೆ ಕೂತಿದ್ದೆ. ಕೂರಬೇಕಾದ ಅಗತ್ಯವಿತ್ತೇ ಎಂದು ಆಮೇಲೆ ಕೇಳಿಕೊಂಡಿದ್ದೇನೆ, ರೂಢಿ ಅಷ್ಟೆ. ಅವರು ದಿನಚರಿಯ ಫೋಲ್ಡರ್ ತೆರೆದರು. ಯಾವ ಬರಹವೂ ತೆರೆದುಕೊಳ್ಳಲಿಲ್ಲ. ಕಡತಗಳ ಹೆಸರು ಮಾತ್ರ ಸಾಲಾಗಿ ಬಂದವು, ಒಂದೊಂದಕ್ಕೂ ಒಂದೊಂದು ತಾರೀಖೇ ಹೆಸರು. ನನ್ನ ಕಣ್ಣು ಸಾಲಿನ ಮೇಲಿಂದ ಕೆಳಗೆ ಓಡಿತು. ಒಂದು ತಾರೀಖಿನಿಂದ ಇನ್ನೊಂದಕ್ಕೆ ಜಿಗಿತ. ನಡುವೆ ಬರೆಯದೆ ಬಿಟ್ಟ ದಿನಗಳು. ನಾನು ಬೇಡ ಎನ್ನುವ ಮೊದಲೇ ನನ್ನ ತಲೆ ಅವು ಎಷ್ಟು ಎಂದು ಎಣಿಸಿ ಮುಗಿಸಿತ್ತು.

ಅಕ್ಕೋರ ಬೆರಳು ನಿಂತವು.

"ಯಾಕ ಉಸರ ಹಿಡದಿ?"

ಸುಳ್ಳು ಹೇಳಬಹುದಿತ್ತು. ಅವರೇ ಹೇಳಿದ್ದರಲ್ಲ, ಮುಖ ನೋಡಿ ತಿಳಿಯುವುದು ಅವರಿಂದಾಗದು. ಮುಖವನ್ನೇ ನೋಡಬೇಕೆಂದಿಲ್ಲ ಎಂದು ಆಗ ತಿಳಿಯಿತು.

"ತಾರೀಖ ಕಂಡೂರಿ ಅಕ್ಕೋರ. ಬರಹ ಏನೂ ನೋಡಿಲ್ರಿ. ನಡುವ ಒಂದಿಷ್ಟ ದಿನಾ ಇಲ್ಲ. ಅವನ್ನ ಎಣಿಸಿಬಿಟ್ಟೆ."

ಅವರು ಕೀಲಿಮಣೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಒಳಗೆ ಅವರ ತಾಯಿ ಪಾತ್ರೆ ಇಡುವ ಸದ್ದು ನಿಂತಿತು.

"ಬರದದ್ದು ಓದಿದ್ರ ಬ್ಯಾರೆ ಮಾತು" ಎಂದರು ಅಕ್ಕೋರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಾ ಬರೀಲಾರದ ಬಿಟ್ಟದ್ದ ಓದಿದಿ ನೀ."

ಕ್ಷಮಿಸಿ ಎನ್ನುವ ಮಾತು ಬಾಯಿಗೆ ಬಂತು, ಆದರೆ ಅದು ಇದಕ್ಕೆ ಸಾಲುವಂತಿರಲಿಲ್ಲ. ಅಲ್ಲಿಯವರೆಗೆ ನಾನು ತಿಳಿದಂತೆ ಓದುವುದೆಂದರೆ ಅಕ್ಷರ. ಎಣಿಕೆ ಎಂದರೆ ಯಾರಿಗೂ ತಾಗದ, ಶುದ್ಧವಾದ ಕೆಲಸ. ಆದರೆ ಒಬ್ಬರ ಖಾಲಿ ದಿನಗಳ ಸಂಖ್ಯೆ ತಿಳಿದ ಮೇಲೆ, ಅವರ ಬದುಕಿನಲ್ಲಿ ಆ ಹೊತ್ತಿಗೆ ಏನಾಗಿತ್ತೆಂದು ಊಹಿಸದೆ ಇರಲು ನನ್ನಿಂದ ಆಗಲಿಲ್ಲ. ಊಹೆ ಸರಿಯೂ ಇರಬಹುದು. ಅದನ್ನು ಎಲ್ಲಿಯೂ ಬರೆದಿಟ್ಟಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

"ಆ ವೈರ ತಗಿ" ಎಂದರು ಅಕ್ಕೋರು.

ಮಾನಿಟರಿನ ವೈರು ಕಿತ್ತೆ. ಪರದೆ ಕಪ್ಪಾಯಿತು. ಅವರು ಕಿವಿಗೆ ಇಯರ್‌ಫೋನು ಹಾಕಿಕೊಂಡರು. ಅಲ್ಲಿಂದ ಮುಂದೆ ನಾನು ಗೋಡೆಗೆ ಒರಗಿ ಕೂತು ಏನು ಮಾಡಬೇಕೆಂದು ಬಾಯಲ್ಲಿ ಹೇಳಿದೆ, ಅವರು ಮಾಡಿದರು. ಒಂದು ತಾಸಿನ ಕೆಲಸ ಮೂರು ತಾಸು ಹಿಡಿಯಿತು. ನಡುವೆ ಎರಡು ಸಲ ಅವರು ನನ್ನ ಮಾತು ತಿದ್ದಿದರು. ರಿಪೇರಿ ಮುಗಿದದ್ದು, ವಿಂಡೋಸ್ ಎದ್ದದ್ದು, ಅವರ ಹಳೆಯ ಕನ್ನಡ ದನಿ ಮರಳಿ ಬಂದದ್ದು ನನಗೆ ಕೇಳಿಸಲಿಲ್ಲ. ಅವರು ತಲೆಯನ್ನು ಸ್ವಲ್ಪ ವಾಲಿಸಿ, "ಬಂತು" ಎಂದರು. ನಂಬಿದೆ.

ಹೊರಡುವಾಗ ಮಾನಿಟರನ್ನು ಚಾದರಸಮೇತ ನನ್ನ ಮುಂದೆ ಇಟ್ಟರು. "ಇದನ್ನ ಒಯ್ಯಿ. ನಿಮ್ಮ ಕಾಲೇಜಿನ್ಯಾಗ ಆಕ್ಕೈತಿ."

"ಬಂದಾವ್ರು ಏನಂದಾರಬೇ? ಕಂಪ್ಯೂಟರಕ್ಕ ಮಾರೀನ ಇಲ್ಲ ಅಂತಾರ" ಎಂದರು ಅವರ ತಾಯಿ.

"ಅನ್ಲಿ" ಎಂದರು ಅಕ್ಕೋರು. ಆಮೇಲೆ ನನ್ನ ಕಡೆ ತಿರುಗಿ, "ಮುಂದಿನ ಸಲ ಬರಿಗೈಲೆ ಬಾ. ಊಟಕ್ಕ ಬಾ" ಎಂದರು. ಇನ್ನು ಬರಬೇಡ ಅಂದಿರಲಿಲ್ಲ, ಅಷ್ಟು ಸಾಕಾಗಿತ್ತು.

ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿದೆ. ಸೀಟು ಸಿಕ್ಕಿತು, ಮಾನಿಟರನ್ನು ತೊಡೆಯ ಮೇಲೆ ನಿಲ್ಲಿಸಿ ಎರಡೂ ಕೈಯಿಂದ ಹಿಡಿದುಕೊಂಡೆ. ಟಿಕೀಟು ಕೊಡಲು ಬಂದ ಕಂಡಕ್ಟರ್ ಚಾದರದ ಅಂಚು ಎತ್ತಿ ನೋಡಿದ.

"ಕೆಟ್ಟೈತೇನ್ರಿ ಅಕ್ಕಾರ?"

"ಇಲ್ರಿ" ಎಂದೆ. "ಇದರಾಗ ಎಲ್ಲಾ ಅಗದಿ ಚಲೋ ಕಾಣತೈತ್ರಿ. ಅದಕ್ಕ ಆ ಮನ್ಯಾಗ ಬ್ಯಾಡಾತು."