ಡ್ರೈವರ್ ಪಕ್ಕದ ಸೀಟು

ನಲ್ಲೂರಿನಿಂದ ಯಾರು ಬಾಡಿಗೆ ಗಾಡಿ ಮಾಡಿಕೊಂಡು ಹೊರಟರೂ ಡ್ರೈವರ್ ಪಕ್ಕದ ಸೀಟು ನಮ್ಮ ದೊಡ್ಡಪ್ಪ ಮರುಳಪ್ಪನವರದು. ಮದುಮಗ ಹಿಂದೆ ಕೂರಬಹುದು, ಮಂಡಿನೋವಿನ ಅಜ್ಜಿ ಹಿಂದೆ ಕೂರಬಹುದು, ದೊಡ್ಡಪ್ಪ ಮಾತ್ರ ಮುಂದೆ. ಡ್ರೈವರ್‌ಗೆ ನಿದ್ದೆ ಬಾರದಂತೆ ನೋಡಿಕೊಳ್ಳುವ ಹೊಣೆ ಅವರದು. ಈ ಹುದ್ದೆಗೆ ಅವರನ್ನು ನೇಮಿಸಿದವರೂ ಅವರೇ. ಮೂವತ್ತು ವರ್ಷ ಅಡಿಕೆ ವ್ಯಾಪಾರದಲ್ಲಿ ಪಳಗಿದ ಬಾಯಿ, ಸುಮ್ಮನೆ ಹಾಳಾಗಬಾರದಲ್ಲ.

ಬೇರೆಯವರು ಡ್ರೈವರ್‌ಗೆ ಟೀ ಕುಡಿಸುತ್ತಾರೆ, ಎಲೆಅಡಿಕೆ ಕೊಡುತ್ತಾರೆ, ಜೋರಾಗಿ ಹಾಡು ಹಾಕುತ್ತಾರೆ. ದೊಡ್ಡಪ್ಪನ ವಿಧಾನ ಒಂದೇ: ಬೈಯುವುದು. "ಸಿಟ್ಟು ಬಂದೋನಿಗೆ ನಿದ್ದೆ ಹೆಂಗೆ ಬರ್ತೈತೆ, ಹೇಳು?" ಎಂದು ನಮ್ಮನ್ನೇ ಕೇಳುತ್ತಿದ್ದರು. ಡ್ರೈವರ್‌ನ ಊರು, ಮೀಸೆ, ಗೇರು ಹಾಕುವ ರೀತಿ, ಯಾವುದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ನ್ಯಾಮತಿಯ ಡ್ರೈವರೊಬ್ಬ ಅರ್ಧ ದಾರಿಯಲ್ಲಿ ಕೀಲಿಯನ್ನು ಅವರ ಕೈಗೇ ಕೊಟ್ಟು, "ನೀವೇ ಹೊಡ್ಕಳ್ರಿ" ಎಂದು ಇಳಿದು ನಡೆದೇಬಿಟ್ಟ. ಆತ ಎಷ್ಟು ಎಚ್ಚರವಾಗಿದ್ದ ನೋಡಿ ಎಂದು ದೊಡ್ಡಪ್ಪ ಇಂದಿಗೂ ಹೆಮ್ಮೆಪಡುತ್ತಾರೆ.

ಹೋದ ವರ್ಷ ಜಗಳೂರಿನಲ್ಲಿ ನನ್ನ ತಮ್ಮನ ನಿಶ್ಚಿತಾರ್ಥವಾಯಿತು. ಹೋಳಿಗೆ ಊಟ ಮುಗಿಸಿ ಮಧ್ಯಾಹ್ನ ಎರಡಕ್ಕೆ ಹದಿನಾಲ್ಕು ಜನ ಗಾಡಿ ಹತ್ತಿದೆವು. ಡ್ರೈವರ್ ತಿಪ್ಪೇರುದ್ರಸ್ವಾಮಿ ಅದೇ ಸೀಮೆಯವನು, ಚನ್ನಗಿರಿಯ ಮಾಲೀಕರೊಬ್ಬರ ಬಳಿ ದುಡಿಯುತ್ತಿದ್ದ. ದಾವಣಗೆರೆ ದಾಟುವ ಹೊತ್ತಿಗೆ ಹಿಂದೆ ಎಲ್ಲರೂ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದರು. ಎರಡನೇ ಸಾಲಿನಲ್ಲಿದ್ದ ನಾನು ಎಚ್ಚರವಾಗಿದ್ದೆ. ಅದಕ್ಕೆ ಕಾರಣ ಜವಾಬ್ದಾರಿಯಲ್ಲ, ನನ್ನ ಹೆಗಲ ಮೇಲೆ ಗೊರಕೆ ಹೊಡೆಯುತ್ತಿದ್ದ ಚಿಕ್ಕಪ್ಪ.

ದೊಡ್ಡಪ್ಪ ಕೆಲಸ ಶುರು ಮಾಡಿದರು.

"ನಿಮ್ಮೂರಾಗೆ ಜಾಲಿಮುಳ್ಳು ಬಿಟ್ರೆ ಇನ್ನೇನು ಬೆಳೀತೈತೋ?"

"ಏನಿಲ್ರೀ."

"ಗಾಡಿ ಹೊಡೆಯಾಕೆ ಯಾರು ಕಲ್ಸಿದ್ರು ನಿಂಗೆ? ಕುರಿ ಕಾಯೋರಾ?"

"ಹೂಂ ರೀ, ನಮ್ಮಪ್ಪ."

ದೊಡ್ಡಪ್ಪ ದಂಗಾದರು. ಇಂಥ ಸಜ್ಜನ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಮೀಸೆಗೆ ಬೈದರು, ಅಂಗಿಗೆ ಬೈದರು, ಅವನ ಮಾವನ ಮನೆಯವರಿಗೂ ಬೈದರು. ಅವನು ಎಲ್ಲದಕ್ಕೂ "ಹೌದ್ರೀ" ಎನ್ನುತ್ತಿದ್ದ. ಬರಬರುತ್ತಾ ಆ "ಹೌದ್ರೀ"ಯೂ ನಿಧಾನವಾಯಿತು. ಸಂತೆಬೆನ್ನೂರು ಬಿಟ್ಟ ಮೇಲೆ ಅದೂ ನಿಂತಿತು. ಗಾಡಿ ಮೆಲ್ಲಗೆ ಎಡಕ್ಕೆ ವಾಲಿ ಮಣ್ಣಿಗಿಳಿಯಿತು. ದೊಡ್ಡಪ್ಪ ಕೈ ಚಾಚಿ ಸ್ಟೀರಿಂಗ್ ಎಳೆಯದಿದ್ದರೆ ಎದುರಿದ್ದ ಹುಣಸೆಮರಕ್ಕೆ ನಮ್ಮ ಹೋಳಿಗೆ ಊಟವೇ ಕೊನೆಯ ನೈವೇದ್ಯವಾಗುತ್ತಿತ್ತು. ಹಿಂದೆ ಒಬ್ಬರೂ ಏಳಲಿಲ್ಲ.

"ನಿದ್ದೆ ಬಂತೇನೋ?"

"ಇಲ್ರೀ, ಕಣ್ಣಿಗೆ ಧೂಳು ಬಿತ್ತು." ಕಿಟಕಿಗಳೆಲ್ಲ ಮುಚ್ಚಿದ್ದವು.

"ನಿಲ್ಸಿ ಒಂದೀಟು ಮಲಗು."

"ಆಗಲ್ರೀ. ಎರಡು ರಾತ್ರಿ ಧರ್ಮಸ್ಥಳದ ಬಾಡಿಗೆ ಹೋಗಿದ್ದೆ. ಐದಕ್ಕೆ ಮತ್ತೊಂದೈತೆ. ತಡ ಆದ್ರೆ ಮಾಲೀಕರು ಕೆಲಸದಿಂದ ತೆಗೀತಾರೆ."

ಮುಂದೆ ಸೂಳೆಕೆರೆ ಏರಿ. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು. ದೊಡ್ಡಪ್ಪ ಏರಿಯತ್ತ ನೋಡಿದರು, ಡ್ರೈವರ್‌ನ ಕೆಂಪು ಕಣ್ಣು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ಇಡೀ ಗಾಡಿಗೆ ಕೇಳುವಂತೆ ಕೂಗಿದರು: "ನಿಲ್ಸೋ! ನಂಗೆ ವಾಂತಿ ಬರ್ತೈತೆ!"

ಪ್ರಾಣಕ್ಕಾಗಿ ನಿಲ್ಲದ ಗಾಡಿ ಸೀಟ್ ಕವರಿಗಾಗಿ ತಕ್ಷಣ ನಿಂತಿತು. ದೊಡ್ಡಪ್ಪ ಮರದಡಿ ಟವೆಲ್ ಹಾಸಿ ಮಲಗಿ ನರಳತೊಡಗಿದರು. ದೊಡ್ಡಮ್ಮ ಶಾಂತಾದೇವಿ, "ಏಳು ಹೋಳಿಗೆ ತಿನ್ನಬ್ಯಾಡ್ರಿ ಅಂದ್ರೆ ಕೇಳಿದ್ರಾ?" ಎಂದು ಎಲ್ಲರೆದುರು ಮಂಗಳಾರತಿ ಎತ್ತಿದರು. ಗಾಡಿಯಲ್ಲಿ ವಾಂತಿ ಮಾಡಿಕೊಳ್ಳುವವರನ್ನು ಇಷ್ಟು ವರ್ಷ ಆಡಿಕೊಂಡಿದ್ದ ಮನುಷ್ಯ. ಎಲ್ಲರೂ ಹಳೆಯ ಬಾಕಿಯನ್ನೆಲ್ಲ ಅಲ್ಲೇ ತೀರಿಸಿಕೊಂಡರು. ಡ್ರೈವರ್ ಸ್ಟೀರಿಂಗ್ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ.

ನಾನು ನೀರು ಹಿಡಿದು ಹೋದಾಗ ದೊಡ್ಡಪ್ಪ ಮೆಲ್ಲಗೆ ಹೇಳಿದರು: "ಒಂದು ತಾಸು ಮಲಗ್ಲಿ, ಎಬ್ಬಿಸಬ್ಯಾಡ. ಮಾಲೀಕನಿಗೆ ನಾನೇ ಫೋನ್ ಮಾಡ್ತೀನಿ, ನನ್ನಿಂದ ತಡ ಆತು ಅಂತ. ನೀನು ಯಾರ ಮುಂದೂ ಬಾಯಿ ಬಿಡಬ್ಯಾಡ, ಅವನ ಕೆಲಸ ಹೋಗ್ತೈತೆ."

ನಾನು ಬಾಯಿ ಬಿಡಲಿಲ್ಲ. ತಿಪ್ಪೇರುದ್ರಸ್ವಾಮಿ ಕೆಲಸ ಬಿಟ್ಟು ಊರಿಗೆ ಮರಳಿ ತನ್ನದೇ ಆಟೋ ತೆಗೆದುಕೊಂಡು ಈಗ ಆರು ತಿಂಗಳಾಯಿತು, ಇನ್ನು ಯಾರೂ ಅವನನ್ನು ಕೆಲಸದಿಂದ ತೆಗೆಯುವಂತಿಲ್ಲ. ಆದರೂ ಕೊಟ್ಟ ಮಾತಿಗೆ ತಪ್ಪುವ ಮನುಷ್ಯ ನಾನಲ್ಲ. ಈಗ ದೊಡ್ಡಪ್ಪನನ್ನು ಪ್ಲಾಸ್ಟಿಕ್ ಕವರ್ ಕೊಟ್ಟು ಕೊನೆಯ ಸಾಲಿನಲ್ಲಿ ಕೂರಿಸುತ್ತಾರೆ. ಮುಂದಿನ ಸೀಟು ನನಗೆ ಬಂದಿದೆ. ಅಲ್ಲಿ ಕಾಲು ಚಾಚಬಹುದು, ಗಾಳಿ ಚೆನ್ನಾಗಿ ಬರುತ್ತದೆ.

ಮೊನ್ನೆ ಹೊನ್ನಾಳಿಗೆ ಗೃಹಪ್ರವೇಶಕ್ಕೆ ಹೋಗಿ ಬರುವಾಗ ಆ ಗಾಳಿಗೆ ನನಗೇ ಜೊಂಪು ಹತ್ತಿತು. ಯಾರೋ ಕೂಗಿದ್ದಕ್ಕೆ ಬೆಚ್ಚಿ ಎದ್ದೆ. ಕವರ್ ಹಿಡಿದುಕೊಂಡೇ ದೊಡ್ಡಪ್ಪ ಹನ್ನೆರಡು ತಲೆಗಳ ಮೇಲಿಂದ ಹೊಸ ಡ್ರೈವರ್‌ನ ಮೀಸೆಗೆ ಬೈಯುತ್ತಿದ್ದರು. ಎಲ್ಲರೂ ಸೇರಿ ಅವರನ್ನು ಗದರಿಸಿ ಕೂರಿಸಿದರು. ನನಗೆ ತುಂಬಾ ನಾಚಿಕೆಯಾಯಿತು. ಸೀಟು ಬಿಟ್ಟುಕೊಡುವಷ್ಟು ಆಗಲಿಲ್ಲ.